ಮೊದಲ ಚೆಂಬು ಕಾಲಿಗೆ

೧೯೬೪ನೇ ಇಸವಿ. ಬಂಟ್ವಾಳಕ್ಕೆ ಮದುವೆ ಮಾಡಿಕೊಟ್ಟಿದ್ದ ನಮ್ಮ ಮಗಳು ಸುಮತಿ ಚೊಚ್ಚಲ ಬಾಣಂತನಕ್ಕೆಂದು ಬೆಳುವಾಯಿಯ ನಮ್ಮ ಮನೆಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿ ಹನ್ನೆರಡು ದಿನವಾಗಿತ್ತು. ಬಾಣಂತಿ ಇರುವ ಮನೆಯಲ್ಲಿ ಅಡುಗೆ ಒಲೆ ಆರಿದರೂ ಬಚ್ಚಲಿನ ಒಲೆ ಆರುವುದಿಲ್ಲ. ಅವಳ ಮೈಗೆ ಹೊಯ್ಯುವ ನೀರು ಹಂಡೆಯಲ್ಲಿ ಕೊತಕೊತ ಕುದಿಯಬೇಕು. ತಾಯಿ ಮಗುವನ್ನು ಮೀಯಿಸಲು ಅಪ್ಪಿಯಕ್ಕ ಎಂಬ ಹೆಂಗಸು ದಿನಾ ಬೆಳಿಗ್ಗೆ ಬರುತ್ತಿದ್ದಳು. ನಮ್ಮ ಊರಿನ ಅರ್ಧ ಜನರನ್ನು ಮೊದಲು ಮೀಯಿಸಿದವಳೇ ಅವಳು.

ನಮ್ಮ ಯಜಮಾನರು ಊರಿನ ಶಾಲೆಯಲ್ಲಿ ಮಾಸ್ಟ್ರು. ಎರಡು ವರ್ಷದ ಹಿಂದೆ ಮೂಡುಬಿದಿರೆಯ ಡಾಕ್ಟರು ಅವರಿಗೆ ಸಕ್ಕರೆ ಕಾಯಿಲೆ ಎಂದು ಹೇಳಿದ್ದರು. ಪಾಯಸ ಬಿಟ್ಟರು, ಅನ್ನ ಕಡಿಮೆ ಮಾಡಿದರು. ಆದರೆ ಪಾದಗಳು ಮರಗಟ್ಟುತ್ತಾ ಬಂದದ್ದನ್ನು ಅವರು ಒಪ್ಪಿಕೊಳ್ಳಲಿಲ್ಲ. ಒಂದು ಸಂಜೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದರು.

"ಇನ್ನೊಂದು ಎಲ್ಲಿ?" ಎಂದು ಕೇಳಿದೆ.

ಕಾಲು ನೋಡಿಕೊಂಡು, "ಇತ್ತಲ್ಲ" ಎಂದರು.

ಅದು ಗದ್ದೆಯ ಬದುವಿನ ಕೆಸರಿನಲ್ಲಿ ಸಿಕ್ಕಿತು. ನಾವೆಲ್ಲ ನಕ್ಕೆವು. ನಗುವ ವಿಷಯ ಅದಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಕಡೆ ಸ್ನಾನಕ್ಕೆ ಹೋದರೆ ಮೊದಲ ಚೆಂಬು ನೀರು ಕಾಲಿಗೆ. ತಲೆಗೆ ಒಮ್ಮೆಲೇ ಹೊಯ್ದುಕೊಳ್ಳಬಾರದೆಂದು ಹಿರಿಯರು ಕಲಿಸಿದ್ದು. ನೀರು ಹದವೋ ಅಲ್ಲವೋ ಎಂದು ಹೇಳುವುದೂ ಕಾಲೇ. ಆ ದಿನ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಇವರು ಅವಸರದಲ್ಲಿ ಬಚ್ಚಲಿಗೆ ಹೋಗಿ, ಬಾಣಂತಿಗೆಂದು ಕುದಿಸಿದ ಹಂಡೆಯಿಂದಲೇ ಬಾಲ್ದಿ ತುಂಬಿಸಿ, ಸ್ವಲ್ಪ ತಣ್ಣೀರು ಬೆರೆಸಿ, ಎರಡು ಚೆಂಬು ಕಾಲಿಗೆ ಹೊಯ್ದುಕೊಂಡರಂತೆ. ಕಾಲು ಏನೂ ಹೇಳಲಿಲ್ಲ. ಮೂರನೆಯ ಚೆಂಬು ಹೆಗಲಿಗೆ ಬಿತ್ತು. ಅವರು ಕೂಗಿದ ಕೂಗಿಗೆ ತೊಟ್ಟಿಲಲ್ಲಿದ್ದ ಮಗು ಎದ್ದು ಅಳತೊಡಗಿತು.

ಹೆಗಲು ಕೆಂಪಾಗಿತ್ತು, ಅಷ್ಟೇ. "ಬಾಣಂತಿ ನೀರಿಗೆ ಆಸೆಪಟ್ಟರೆ ಹೀಗೆಯೇ ಅಪ್ಪ" ಎಂದು ಸುಮತಿ ಒಳಗಿಂದಲೇ ಹೇಳಿದಳು. ಎಲ್ಲರೂ ನಗುತ್ತಾ ಹೆಗಲಿಗೆ ತಣ್ಣೀರಿನ ಬಟ್ಟೆ ಇಟ್ಟೆವು. ಕಾಲನ್ನು ಯಾರೂ ನೋಡಲಿಲ್ಲ. ಅವರು ಶಾಲೆಗೆ ನಡೆದುಕೊಂಡು ಹೋದರು, ದಿನವಿಡೀ ಇನ್‌ಸ್ಪೆಕ್ಟರರ ಹಿಂದೆ ಓಡಾಡಿದರು, ನಡೆದುಕೊಂಡೇ ಬಂದರು. ಸಂಜೆ ಜಗಲಿಯಲ್ಲಿ ಮಣೆಯ ಮೇಲೆ ಕಾಲು ಚಾಚಿ ಪೇಪರು ಓದುತ್ತಿದ್ದಾಗ ನಾನು ಚಹಾ ತಂದೆ. ಎರಡೂ ಪಾದಗಳ ಮೇಲೆ ನೆಲ್ಲಿಕಾಯಿ ಗಾತ್ರದ ಬೊಕ್ಕೆಗಳು. ಒಂದು ಚಪ್ಪಲಿಯ ಪಟ್ಟಿಗೆ ಉಜ್ಜಿ ಒಡೆದಿತ್ತು.

"ಇದೇನಿದು?" ಎಂದೆ.

"ಯಾವುದು?" ಎಂದು ಅವರು ಪೇಪರು ಬದಿಗೆ ಸರಿಸಿದರು.

ಮರುದಿನ ಮೊದಲ ಬಸ್ಸಿಗೆ ಮೂಡುಬಿದಿರೆಗೆ ಹೋದೆವು. ಡಾಕ್ಟರು ಗಾಯ ತೊಳೆದು ಕಟ್ಟಿದರು. "ಮೂರು ವಾರ ಕಾಲು ನೆಲಕ್ಕೆ ತಾಗಬಾರದು. ಈ ಸಲ ಮೇಲಿನ ಚರ್ಮ ಮಾತ್ರ. ಇನ್ನೊಮ್ಮೆ ಹೀಗಾದರೆ ಮಂಗಳೂರಿಗೆ ಕಳಿಸಿ ಬೆರಳು ತೆಗೆಸಬೇಕಾದೀತು. ಇನ್ನು ಮೇಲೆ ಕಾಲನ್ನು ನಂಬಬೇಡಿ ಮಾಸ್ಟ್ರೇ" ಎಂದರು.

ಬಸ್ಸಿನಲ್ಲಿ ಇವರು ಬಟ್ಟೆ ಕಟ್ಟಿದ ಪಾದಗಳನ್ನು ಮುಂದೆ ಚಾಚಿಕೊಂಡು ಕುಳಿತರು. ಆಮೇಲೆ, "ಕಕ್ಕಿಂಜೆ ಶಾಲೆಯಲ್ಲಿದ್ದಾಗ ಚಾರ್ಮಾಡಿ ಘಾಟಿಯನ್ನು ಬರಿಗಾಲಲ್ಲಿ ಹತ್ತಿದ ಕಾಲು ಇದು" ಎಂದರು. ಡಾಕ್ಟರ ಮೇಲೆ ದೂರು ಹೇಳುವ ಹಾಗಿತ್ತು ಆ ಸ್ವರ.

ಮೂರು ವಾರ ತೊಟ್ಟಿಲಿನ ಪಕ್ಕ ಕುಳಿತು ಹಗ್ಗ ಎಳೆದರು. ಲಾಲಿ ಹಾಡು ಬಾರದ್ದರಿಂದ ಮಗ್ಗಿ ಹೇಳುತ್ತಿದ್ದರು. ಹದಿಮೂರರ ಮಗ್ಗಿ ಮುಗಿಯುವ ಮೊದಲೇ ಮಗು ನಿದ್ದೆ ಹೋಗುತ್ತಿತ್ತು. "ನಿಮ್ಮ ಕ್ಲಾಸಿನ ಮಕ್ಕಳೂ ಹೀಗೆಯಾ?" ಎಂದು ಸುಮತಿ ಕೇಳಿದರೆ ಕೇಳಿಸದವರಂತೆ ಹದಿನಾಲ್ಕಕ್ಕೆ ಹೋಗುತ್ತಿದ್ದರು.

ಗಾಯ ಒಣಗಿತು. ಮತ್ತೆ ಸ್ನಾನ ಮಾಡಬಹುದು ಎಂದು ಡಾಕ್ಟರು ಹೇಳಿದ ಮರುದಿನವೇ ಜಗಳ ಶುರುವಾಯಿತು. ನೀರು ನಾನು ಬೆರೆಸಿ ಕೊಡುತ್ತೇನೆ ಎಂದೆ. ಅವರು ಬಚ್ಚಲಿನೊಳಗೆ ಹೋಗಿ ಚಿಲಕ ಹಾಕಿಕೊಂಡರು.

"ನನ್ನ ನೀರು ನಾನು ನೋಡ್ತೇನೆ. ನಾನೇನು ಬಾಣಂತಿಯಾ?"

"ಕಾಲಿಗೆ ಮೊದಲು ಹೊಯ್ಯಬೇಡಿ ಮಾರಾಯ್ರೆ."

"ಮತ್ತೆ ತಲೆಗೆ ಹೊಯ್ಯಲಾ?"

ನನಗೆ ಕಣ್ಣಲ್ಲಿ ನೀರು ಬಂತು. ಒಳಗೆ ಹಂಡೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡು ಅಪ್ಪಿಯಕ್ಕ ಬಂದಳು. ನನ್ನ ಮುಖ ನೋಡಿದಳು. ಬಾಗಿಲು ಬಡಿದಳು.

"ಮಾಸ್ಟ್ರೇ, ಮಗುವಿಗೆ ನೀರು ಆಗ್ಬೇಕು. ಹಸಿವೆಗೆ ಅಳುವ ಮೊದಲು ಮೀಯಿಸುವ. ಬಾಗಿಲು ತೆಗೀರಿ."

ಮೊಮ್ಮಗಳ ಹೆಸರಿಗೆ ಚಿಲಕ ಜಾರಿತು. ಇವರು ಸೊಂಟಕ್ಕೆ ಬೈರಾಸು ಸುತ್ತಿಕೊಂಡು ಬದಿಗೆ ನಿಂತರು. ಅಪ್ಪಿಯಕ್ಕ ಮಗುವನ್ನು ನನ್ನ ಕೈಗೆ ಕೊಟ್ಟಳು. ಬಾಲ್ದಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಸಿನೀರು ಬೆರೆಸಿದಳು.

"ಹದ ಉಂಟಾ ನೋಡಿ ಮಾಸ್ಟ್ರೇ."

"ನಾನು ಯಾಕೆ? ನೀನೇ ನೋಡು."

"ನನ್ನ ಕೈಗೆ ಗೊತ್ತಾಗುದಿಲ್ಲ" ಎಂದು ಅವಳು ಎರಡೂ ಅಂಗೈ ತೋರಿಸಿದಳು. ತೊಗಲು ದಪ್ಪಗಾಗಿ ಹೊಳೆಯುತ್ತಿತ್ತು. "ನಲ್ವತ್ತು ವರ್ಷ ಕುದಿಯುವ ನೀರಲ್ಲಿ ಆಡಿದ ಕೈ. ಬಿಸಿಯೂ ಒಂದೇ, ತಂಪೂ ಒಂದೇ."

ಇವರು ಬೆರಗಾಗಿ ನೋಡಿದರು. "ಮತ್ತೆ ಇಷ್ಟು ಮಕ್ಕಳನ್ನು ಹೇಗೆ ಮೀಯಿಸಿದೆ ನೀನು?"

"ಕೈಯನ್ನು ನಂಬದೆ" ಎಂದು ಅವಳು ಬಗ್ಗಿ, ಮೊಣಕೈಯನ್ನು ಬಾಲ್ದಿಯಲ್ಲಿ ಅದ್ದಿ, ಹತ್ತು ಎಣಿಸುವಷ್ಟು ಹೊತ್ತು ಹಾಗೇ ಇಟ್ಟಳು. "ಇಲ್ಲಿಯ ತೊಗಲು ಸುಳ್ಳು ಹೇಳುದಿಲ್ಲ. ನಿಮ್ಮನ್ನು ಮೀಯಿಸಿದವಳೂ ಹೀಗೆಯೇ ನೋಡಿರ್ಬೇಕು. ಇಲ್ಲದಿದ್ರೆ ನೀವು ಮಾಸ್ಟ್ರು ಆಗ್ಲಿಕ್ಕುಂಟಾ?"

ಇವರು ಬಗ್ಗಿದರು. ಅಪ್ಪಿಯಕ್ಕ ಮೊಣಕೈ ತೆಗೆದ ಜಾಗದಲ್ಲಿ ತಮ್ಮದನ್ನು ಅದ್ದಿದರು.

"ಸ್ವಲ್ಪ ಜಾಸ್ತಿ" ಎಂದರು ಕಡೆಗೆ.

"ಹಾಗಾದ್ರೆ ಒಂದು ಚೆಂಬು ತಣ್ಣೀರು ಹಾಕಿ" ಎಂದಳು. ಹಾಕಿದರು. ಮತ್ತೆ ಅದ್ದಿದರು. "ಈಗ ಸರಿ" ಎಂದಾಗ ಅವರ ಮುಖ ಲೆಕ್ಕ ಸರಿಬಂದ ಹುಡುಗನ ಮುಖದಂತಿತ್ತು. ಮಗು ಆ ನೀರಿನಲ್ಲಿ ಅಳದೆ ಮಿಂದಿತು. ಆಮೇಲೆ ಇವರೂ ತಮ್ಮ ಬಾಲ್ದಿಗೆ ತಣ್ಣೀರು ಮೊದಲು ಹಾಕಿ, ಹಾಗೆಯೇ ನೋಡಿ, ಮಿಂದರು. ನಾನು ಹೊರಗೇ ನಿಂತಿದ್ದೆ. ಯಾವ ಕೂಗೂ ಕೇಳಿಸಲಿಲ್ಲ.

ಅಪ್ಪಿಯಕ್ಕ ಹೊರಡುವಾಗ, "ನಿನ್ನ ಕೈಗೆ ನಿಜವಾಗಿ ಗೊತ್ತಾಗುದಿಲ್ವಾ?" ಎಂದು ಮೆಲ್ಲನೆ ಕೇಳಿದೆ. "ಅಮ್ಮಾ, ನಿಮ್ಮ ಗಂಡನ ಹತ್ರ ಸುಳ್ಳು ಹೇಳಿ ನನಗೇನು ಆಗ್ಬೇಕು?" ಎಂದು ನಕ್ಕು, ವೀಳ್ಯದೆಲೆ ಬಾಯಿಗೆ ಹಾಕಿಕೊಂಡು ನಡೆದಳು. ಡಾಕ್ಟರೂ ನಾನೂ ಹೇಳಿ ಆಗದ್ದು, ಅವಳು ತನ್ನ ಕೈಯ ಕೊರತೆಯನ್ನು ತೋರಿಸಿದ್ದರಿಂದ ಆಯಿತು. ಅದನ್ನು ಅವಳು ಅಲ್ಲಿಯವರೆಗೆ ಯಾರಿಗೂ ತೋರಿಸಿದ್ದಿರಲಿಲ್ಲ. ಅದು ಗೊತ್ತಾದರೆ ಮಗುವನ್ನು ಅವಳ ಕೈಗೆ ಕೊಡಲು ಎಷ್ಟೋ ಮನೆಯವರು ಹೆದರುತ್ತಿದ್ದರು.

ಈಗ ಐದು ವರ್ಷವಾಯಿತು. ಇವರು ಸ್ನಾನ ಮಾಡಿ ಬಂದು ಬೆಳಕಿರುವ ಕಡೆ ಕುಳಿತು ಬೆರಳಸಂದುಗಳನ್ನು ಒರೆಸುತ್ತಾರೆ. ಅಂಗಾಲನ್ನು ನಾನು ನೋಡುತ್ತೇನೆ. ರಜೆಯಲ್ಲಿ ಮೊಮ್ಮಗಳು ಬಂದರೆ ಬಚ್ಚಲಿನ ಹೊರಗೆ ನಿಂತು, "ಅಜ್ಜಾ, ಮೊಣಕೈ?" ಎಂದು ಕೂಗುತ್ತಾಳೆ. ಒಳಗಿಂದ "ಪಾಸು" ಎಂಬ ಉತ್ತರ ಬಂದ ಮೇಲೆಯೇ ಅವಳು ಆಟಕ್ಕೆ ಓಡುವುದು.

ಬಚ್ಚಲಿನಿಂದ ಜಗಲಿಯವರೆಗೆ ಕೆಂಪು ನೆಲದ ಮೇಲೆ ಅವರ ಒದ್ದೆ ಹೆಜ್ಜೆ ಮೂಡಿರುತ್ತದೆ. ಮೊದಲೆಲ್ಲ ನೆಲ ಹಾಳಾಯಿತೆಂದು ಗೊಣಗುತ್ತಾ ಒರೆಸುತ್ತಿದ್ದೆ. ಈಗ ಒರೆಸುವುದಿಲ್ಲ. ಒಂದೊಂದು ಹೆಜ್ಜೆಯಲ್ಲೂ ಐದೈದು ಬೆರಳು ಕಾಣುತ್ತದೆ. ತಾನಾಗಿ ಒಣಗಲಿ ಎಂದು ಬಿಟ್ಟುಬಿಡುತ್ತೇನೆ.