ಹಳೇ ಎಟಿವಿಯ ಗುಟ್ಟು

ಸ್ವೀಡನ್ನಿನ ಓರೆಬ್ರೂವಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಮಹಾಶಯರು ಹಾಲಿನ ಪ್ಯಾಕೆಟ್ ಕೊಳ್ಳುವಾಗಲೂ ಕಣ್ಣು ಕಿರಿದು ಮಾಡಿ, "ಏನೋ ಮುಚ್ಚಿಡ್ತಾ ಇದಾರೆ" ಅನ್ನುತ್ತಿದ್ದರು. ಕಾಡಿನಂಚಿನಲ್ಲಿ ಅವರಿಗೊಂದು ಮರದ ಮನೆಯಿತ್ತು. ಚಳಿಗಾಲದಲ್ಲಿ ಅಲ್ಲಿಗೆ ಹೋಗಲು, ಆಳದ ಹಿಮದಲ್ಲೂ ಓಡುವ ಹಳೇ ಎಟಿವಿ, ಅಂದರೆ ನಾಲ್ಕು ದಪ್ಪ ಚಕ್ರದ ಬೈಕಿನಂಥ ಗಾಡಿ, ಹುಡುಕುತ್ತಿದ್ದರು.

ಅಲ್ಲೇ ಪಕ್ಕದ ಹೊಲದ ಅಜ್ಜಿ ತನ್ನದನ್ನು ಮಾರುವವಳಿದ್ದಳು. ನೋಡಲು ಹೋದ ನಮ್ಮಿಬ್ಬರನ್ನೂ ಫೀಕಾಕ್ಕೆ, ಅಂದರೆ ಅಲ್ಲಿನವರ ಕಾಫಿ ಹರಟೆಗೆ, ಕೂರಿಸಿ, ಕಾಫಿ ಬನ್ನು ಕೊಟ್ಟು, ಕೇಳುವ ಮೊದಲೇ ಗಾಡಿಯ ರೋಗಗಳನ್ನೆಲ್ಲ ಹೇಳಿದಳು. ಬ್ಯಾಟರಿ ಸೋಮಾರಿ, ಸೀಟು ಹರಿದಿದೆ, ಹಿಂದಿನ ದೀಪ ಉರಿಯುವುದಿಲ್ಲ. ಮಹಾಶಯರು ಟೈರಿಗೊಂದು ಒದೆ ಕೊಟ್ಟು ನನ್ನನ್ನು ಪಕ್ಕಕ್ಕೆಳೆದರು. "ಇಷ್ಟು ಬಾಯಿ ಬಿಡ್ತಾಳೆ ಅಂದ್ರೆ, ದೊಡ್ಡದೇನೋ ಮುಚ್ಚಿಡ್ತಾ ಇದಾಳೆ ಕಣ್ರೀ."

ಒಂದೂ ದೋಷ ಹೇಳದ ಇನ್ನೊಬ್ಬನಿಂದ, ಫಳಫಳ ಹೊಳೆಯುವ ಆನೆಯಂಥ ಎಟಿವಿ ಕೊಂಡರು. ಮೊದಲ ಸವಾರಿಯಲ್ಲೇ ಅದು ಹೊಟ್ಟೆಯವರೆಗೆ ಹಿಮದಲ್ಲಿ ಹೂತು ಕೂತಿತು. ಹಿಂದೆ ಕೂತಿದ್ದ ನಾನು ಅಜ್ಜಿಗೆ ಫೋನ್ ಮಾಡಿದೆ. ಅವಳು ಅದೇ ಹರಿದ ಸೀಟಿನ ಎಟಿವಿಯಲ್ಲಿ ಹಿಮದ ಮೇಲೆ ತೇಲಿದ ಹಾಗೆ ಬಂದು, ಹಗ್ಗ ಕಟ್ಟಿ, ಆನೆಯನ್ನು ಎಳೆದು ಹೊರಗೆ ಹಾಕಿದಳು.

ಮಹಾಶಯರು ಮೀಸೆಯ ಹಿಮ ಒರೆಸಿಕೊಂಡು ನನ್ನ ಕಿವಿಯತ್ತ ಬಾಗಿದರು. "ನೋಡಿದ್ರಾ? ಗಾಡೀಲಿ ಇಷ್ಟು ಶಕ್ತಿ ಇದೆ ಅಂತ ಒಂದು ಮಾತು ಹೇಳಿದ್ಲಾ? ಮುಚ್ಚಿಡ್ತಾ ಇದಾಳೆ ಅಂತ ನಾನು ಅವತ್ತೇ ಹೇಳ್ಲಿಲ್ವಾ."