ಬೀರುವಿನೊಳಗಿನ ಭೂಮಿ

ಕೃಷ್ಣಮೂರ್ತಿಪುರಂನ ಆ ಹೈಸ್ಕೂಲಿಗೆ ಗ್ಲೋಬು ಬಂದದ್ದು ತೊಂಬತ್ತರಲ್ಲಿ. ಮಠದ ಭಕ್ತರೊಬ್ಬರು ಕೊಟ್ಟದ್ದು. ಭೂಗೋಳದ ಮೇಷ್ಟ್ರು ಶಿವಮಲ್ಲಪ್ಪನವರು ರುಜು ಹಾಕಿ ಅದನ್ನು ವಹಿಸಿಕೊಂಡರು. ಅಲ್ಲಿಗೆ ಭೂಮಿಯ ಭಾರವೆಲ್ಲ ಅವರೊಬ್ಬರ ಮೇಲೇ ಬಿತ್ತು. ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಕೊರಳಲ್ಲಿ ಇಷ್ಟಲಿಂಗ, ಸೊಂಟದಲ್ಲಿ ಭೂಮಂಡಲ.

ಅವರಿಗಿದ್ದದ್ದು ಒಂದೇ ಆಸೆ. ನಿವೃತ್ತಿಯ ದಿನ ತಮ್ಮ ಹೆಸರಿನಲ್ಲಿರುವುದನ್ನೆಲ್ಲ ಬಂದ ಹಾಗೇ ಒಪ್ಪಿಸಿ, ಒಂದು ಕಪ್ಪುಚುಕ್ಕೆಯೂ ಇಲ್ಲದೆ ಕೆಸರೆಯ ಮನೆಗೆ ಹೋಗಿ ಕೂರಬೇಕು. ಈ ಪುಣ್ಯಕಾರ್ಯಕ್ಕೆ ಅಡ್ಡ ಬರುವ ಪ್ರಾಣಿಗಳೆಂದರೆ ಮಕ್ಕಳು. ಆದ್ದರಿಂದ ಪಾಠವೆಲ್ಲ ಗಾಜಿನ ಈಚೆಯಿಂದಲೇ. ಮಕ್ಕಳು ಸಾಲಾಗಿ ಬಂದು, ಕೈ ಹಿಂದೆ ಕಟ್ಟಿಕೊಂಡು, ಭೂಮಿ ಗುಂಡಗಿದೆಯೆಂದು ದರ್ಶನ ಪಡೆದು ಹೋಗುತ್ತಿದ್ದರು. ಕಾಣುತ್ತಿದ್ದದ್ದು ಆಫ್ರಿಕಾ, ಯೂರೋಪು, ಇತ್ತ ನಮ್ಮ ದೇಶ. ಅಮೆರಿಕ ಗೋಡೆಯ ಕಡೆಗಿತ್ತು, ಅದನ್ನು ಭಕ್ತಿಯಿಂದ ನಂಬಬೇಕಾಗಿತ್ತು. ಹೊರಗೆ ಸೋವಿಯತ್ ಒಕ್ಕೂಟ ಒಡೆದು ಚೂರಾಯಿತು. ಮೇಷ್ಟ್ರ ಬೀರುವಿನಲ್ಲಿ ಅದಕ್ಕೊಂದು ಗೀರೂ ಬೀಳಲಿಲ್ಲ.

ಬಾಗಿಲು ತೆರೆಯುತ್ತಿದ್ದದ್ದು ವರ್ಷಕ್ಕೊಮ್ಮೆ, ದಸರಾ ರಜೆ ಬಿಡುವ ದಿನ ಮಾಡುವ ಆಯುಧಪೂಜೆಗೆ. ಮೇಷ್ಟ್ರು ಮಡಿಯಲ್ಲಿ ಬಂದು, ಮೂರು ಬೆರಳಿನಿಂದ ಆಫ್ರಿಕಾದ ಮೇಲೆ ಮೂರು ವಿಭೂತಿ ಪಟ್ಟೆ ಎಳೆದು, ಕುಂಕುಮದ ಬೊಟ್ಟಿಟ್ಟು, ಹೂವೇರಿಸಿ ಮತ್ತೆ ಬೀಗ ಜಡಿಯುತ್ತಿದ್ದರು. ದೇವರ ಗುರುತನ್ನು ಒರೆಸುವುದುಂಟೆ? ಮುಂದಿನ ದಸರೆಯವರೆಗೂ ಹಾಗೇ ಇರುತ್ತಿತ್ತು.

ಅವರು ನಿವೃತ್ತರಾಗುವ ವರ್ಷ, ಎರಡು ಸಾವಿರದ ಎರಡರ ಜನವರಿಯಲ್ಲಿ, ಶಿಕ್ಷಣ ಇಲಾಖೆಯಿಂದ ಇನ್‌ಸ್ಪೆಕ್ಟರ್ ಸಿದ್ದಲಿಂಗಸ್ವಾಮಿ ತನಿಖೆಗೆ ಬಂದರು. ಒಂಬತ್ತನೇ ತರಗತಿಯ ಶಿವಾನಿಯನ್ನು ಬೀರುವಿನ ಮುಂದೆ ನಿಲ್ಲಿಸಿದರು.

"ಎಲ್ಲಿ, ಸಮಭಾಜಕ ವೃತ್ತ ತೋರಿಸಮ್ಮ."

ಶಿವಾನಿ ಗಾಜಿನ ಮೇಲೆ ಬೆರಳಿಟ್ಟು ನಡುವಿನ ವಿಭೂತಿ ಪಟ್ಟೆ ತೋರಿಸಿದಳು. "ಮೇಲಿರೋದು ಕರ್ಕಾಟಕ ವೃತ್ತ, ಕೆಳಗಿರೋದು ಮಕರ ಸಾರ್."

"ಆ ಕೆಂಪು ಚುಕ್ಕೆ?"

"ಜ್ವಾಲಾಮುಖಿ ಸಾರ್."

ಸಾಹೇಬರ ಹಣೆಯ ಮೇಲೂ ಅವೇ ಮೂರು ಪಟ್ಟೆ. ನಗುವ ಹಾಗೂ ಇಲ್ಲ. "ಈ ಗೆರೆ ಎಳೆದೋರು ಯಾರಮ್ಮ?"

"ಯಾರೂ ಎಳೆದಿಲ್ಲ ಸಾರ್, ಅವು ಕಾಲ್ಪನಿಕ ರೇಖೆ. ದಸರಾ ಕಳೆದ ಮೇಲೆ ಒಂಚೂರು ಸರಿದಿರ್ತವೆ, ಅಷ್ಟೆ."

ಸಾಹೇಬರು ಶಿವಮಲ್ಲಪ್ಪನವರ ಕಡೆ ತಿರುಗಿದರು.

"ಮೇಷ್ಟ್ರೇ, ಪೂಜೆ ಸಾಕು, ಬೀಗ ತೆಗೀರಿ. ಮಕ್ಕಳ ಕೈಗೆ ಕೊಡಿ."

"ಬಿದ್ದುಬಿಟ್ರೆ ಸ್ವಾಮಿ? ನನ್ನ ಹೆಸರಲ್ಲಿದೆ."

"ಭೂಮಿ ನಿಮ್ಮ ಹೆಸರಲ್ಲಿದೆಯೇನ್ರೀ? ಖಾತೆ ಯಾವಾಗಾಯ್ತು?"

ಮೇಷ್ಟ್ರು ಬೀಗ ತೆಗೆದದ್ದೇ ಶಿವಾನಿ ಗ್ಲೋಬನ್ನು ಎತ್ತಿಕೊಂಡಳು. ಪ್ರಸಾದ ಕೆಳಗೆ ಬೀಳಬಾರದೆನ್ನುವವರಂತೆ ಮೇಷ್ಟ್ರು ಅದರಡಿಗೆ ಎರಡೂ ಕೈ ಒಡ್ಡಿದರು. ತಿರುಗಿಸಿದರೆ ತಿರುಗದು, ತುಕ್ಕು. ಜೋರಾಗಿ ನೂಕಿದಾಗ ಕಿರ್ರೆಂದು ಅರ್ಧ ಸುತ್ತು ಬಂತು. ಕಿಟಕಿಯ ಬಿಸಿಲಿಗೆ ಈ ಕಡೆಯ ಸಮುದ್ರಗಳೆಲ್ಲ ಮಾಸಿ ಹಳೇ ಪಂಚೆಯಂತಾಗಿದ್ದವು. ಆ ಕಡೆ ಮಾತ್ರ ಗಾಢ ನೀಲಿ, ನಿನ್ನೆ ತಂದ ಹಾಗೆ.

"ಅಯ್ಯಪ್ಪ, ಇಷ್ಟೊಂದು ನೀರಾ! ಯಾಕ್ ಸಾರ್ ಈ ಕಡೆ ತೋರಿಸ್ಲೇ ಇಲ್ಲ?"

ಮೇಷ್ಟ್ರೂ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಅಲ್ಲಿಂದ ಗ್ಲೋಬು ತರಗತಿಯಿಂದ ತರಗತಿಗೆ ತಿರುಗಿತು. ವಿಭೂತಿ ಅಳಿಸಿಹೋಯಿತು, ಬ್ರೆಜಿಲ್ ಹತ್ತಿರ ಒಂದು ನೆಗ್ಗು ಬಿತ್ತು. ಅದನ್ನು ಕಂಡ ದಿನ ಮೇಷ್ಟ್ರು ಊಟ ಬಿಟ್ಟರಂತೆ. ಮಾರನೆಯ ದಿನ ತಾವೇ ಗ್ಲೋಬನ್ನು ಹೊತ್ತುಕೊಂಡು ಎಂಟನೇ ತರಗತಿಗೆ ಹೋದರು.

ಮೇ ಕೊನೆಗೆ ಎಲ್ಲವನ್ನೂ ಹೊಸ ಟೀಚರ್ ಏಂಜೆಲ್ ಅವರಿಗೆ ಒಪ್ಪಿಸಬೇಕಾಯಿತು. ಆಕೆ ನೆಗ್ಗನ್ನು ಸವರಿ ನೋಡಿದರು.

"ಇದು ನನ್ನ ಹೆಸರಿಗೆ ಬರುತ್ತಲ್ವಾ ಸಾರ್? ನನಗ್ಯಾಕೆ ತಲೆನೋವು, ಒಳಗಿಟ್ಟು ಬೀಗ ಹಾಕಿಬಿಡ್ತೀನಿ. ಬೀಗದ ಕೈ ಕೊಡಿ."

ಎಲ್ಲೋ ಕೇಳಿದ ಮಾತು ಅನ್ನಿಸಿತು ಮೇಷ್ಟ್ರಿಗೆ. ಸೊಂಟದ ಕಡೆ ಹೋದ ಕೈ ಅರ್ಧದಲ್ಲೇ ನಿಂತಿತು.

"ಕಳೆದುಹೋಗಿದೆ ಕಣಮ್ಮ. ನನ್ನ ಅಜಾಗರೂಕತೆ ಅಂತಲೇ ಬರ್ಕೊಳಿ."

ಏಂಜೆಲ್ ಹಾಗೇ ಬರೆದುಕೊಂಡರು. ಕೆಸರೆಯ ಬಸ್ಸಿನಲ್ಲಿ ಬೀಗದ ಕೈ ದಾರಿಯುದ್ದಕ್ಕೂ ಸೊಂಟಕ್ಕೆ ಚುಚ್ಚುತ್ತಿತ್ತು. ಮನೆಗೆ ಬಂದು ಸ್ನಾನ ಮಾಡಿ ಲಿಂಗಪೂಜೆಗೆ ಕೂತಾಗಲೂ ಶಿವಮಲ್ಲಪ್ಪನವರು ಅದನ್ನು ಬಿಚ್ಚಿಡಲಿಲ್ಲ.