ಮದುವೆಗೆ ಹೋದ ಎರಡು ಬೆರಳು

ಕಳೆದ ತಿಂಗಳು ಹಾಲ್ಕುರಿಕೆ ಕಡೆಯ ಒಂದು ಮದುವೆಗೆ ನಾನು ತಲುಪುವ ಮೊದಲೇ ನನ್ನ ಎರಡು ಬೆರಳು ತಲುಪಿದ್ದವು. ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳು. (ಗಾಬರಿಯಾಗಬೇಡಿ. ಇದನ್ನು ಬರೆಯುತ್ತಿರುವ ಕೈಯಲ್ಲಿ ಐದೂ ಇವೆ.)

ನಮ್ಮ ತೋಟದ ತೆಂಗಿನಕಾಯಿ ಸುಲಿಯುವವನು ಸಿದ್ದಣ್ಣ. ಎರಡು ವರ್ಷದ ಹಿಂದೆ ಸುಲಿಯುವ ಮಷಿನ್ನು ಅವನ ಬಲಗೈಯ ಕೊನೆಯ ಎರಡು ಬೆರಳನ್ನು ತಿಂದುಹಾಕಿತು. ಗಾಯ ಮಾಗಿದ ಮೇಲೆ ಮಷಿನ್ನಿಗೊಂದು ನಮಸ್ಕಾರ ಹಾಕಿ, ಕಾಯಿ ಸುಲಿಯಲು ನೆಲಕ್ಕೆ ನೆಟ್ಟ ಹಳೆಯ ಹಾರೆಗೇ ಹಿಂತಿರುಗಿದ. "ಅನ್ನ ಕಲಸಕ್ಕೆ ಮೂರು ಬೆರಳು ಸಾಕು ಬುಡಿ ಮೇಷ್ಟ್ರೆ" ಎಂದು ನಗುತ್ತಿದ್ದ.

ಅಂಥ ಸಿದ್ದಣ್ಣ ಒಂದು ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂತ. ಬಲಗೈ ಟವೆಲಿನೊಳಗಿತ್ತು. ಎರಡು ವರ್ಷದಲ್ಲಿ ಅವನು ಆ ಕೈ ಮುಚ್ಚಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಮಗಳು ಗೌರಿಯ ಮದುವೆ ನಿಶ್ಚಯವಾಗಿತ್ತು. ಸಿದ್ದಣ್ಣನ ಅಣ್ಣ ಮಹಾಲಿಂಗಪ್ಪ ನಾಲ್ಕು ಜನರ ಎದುರು ಹೇಳಿಬಿಟ್ಟಿದ್ದನಂತೆ: "ಊನ ಆಗಿರೋ ಕೈಲಿ ಧಾರೆ ಎರೆಯಂಗಿಲ್ಲ ಕಣ್ಲಾ, ಶಾಸ್ತ್ರ ಒಪ್ಪಲ್ಲ. ನಾನೂ ನಿಮ್ಮತ್ಗೇನೂ ಎರೀತೀವಿ ಬುಡು."

"ನೀನೇನಂದೆ?" ಎಂದೆ.

"ಏನನ್ನಾದು? ದೊಡ್ಡೋನು." ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. "ಇರಾದು ಒಬ್ಳೇ ಮಗಳು ಮೇಷ್ಟ್ರೆ. ನನ್ ಮಗಳ ಧಾರೇನ ನಾನು ಪಕ್ಕದಾಗೆ ನಿಂತ್ಕಂಡು ನೋಡ್ಬೇಕಾ?"

ಆಗ ನನಗೆ ನೆನಪಾದವನು ನಯಾಜ್.

ನಯಾಜನ ಅಪ್ಪ ತಿಪಟೂರಿನಲ್ಲಿ ಟೈಲರ್. ನನ್ನ ನೌಕರಿಯ ಮೊದಲ ಪ್ಯಾಂಟು ಹೊಲಿದವರು ಅವರೇ. ಮಗನಿಗೆ ಸೂಜಿ ಒಗ್ಗಲಿಲ್ಲ, ಮುಖಗಳು ಒಗ್ಗಿದವು. ಶಾಲೆಯಲ್ಲಿರುವಾಗಲೇ ಹಳ್ಳಿ ನಾಟಕದ ಭೀಮನಿಗೆ ತೆಂಗಿನ ನಾರಿನಿಂದ ಮೀಸೆ ಮಾಡಿಕೊಟ್ಟಿದ್ದ. (ಭೀಮ ಯುದ್ಧದ ಉದ್ದಕ್ಕೂ ಗದೆ ಬಿಟ್ಟು ಮೂಗು ತುರಿಸಿಕೊಂಡ.) ಆಮೇಲೆ ಬೆಂಗಳೂರಿಗೆ ಹೋಗಿ, ಸಿನಿಮಾ ಮೇಕಪ್ಪಿನವರ ಬ್ರಷ್ ತೊಳೆದುಕೊಂಡು ವರ್ಷಗಟ್ಟಲೆ ಇದ್ದು, ಸಿಲಿಕಾನಿನಲ್ಲಿ ಚರ್ಮ ಮಾಡುವುದನ್ನು ಕಲಿತ. ಸುಟ್ಟ ಕೆನ್ನೆ, ಗುಂಡು ಹೊಕ್ಕ ಭುಜ, ಮೂವತ್ತರ ಹೀರೋಗೆ ಎಂಬತ್ತರ ಕುತ್ತಿಗೆ, ಎಲ್ಲ ಅವನ ಕೈಕೆಲಸ.

"ಮೇಕಪ್ ಚೆನ್ನಾಗಿದೆ ಅಂತ ಯಾರಾದ್ರೂ ಅಂದ್ರೆ ನನ್ನ ಕೆಲಸ ಕೆಟ್ಟಿತು ಅಂತ ಅರ್ಥ ಸರ್" ಎನ್ನುತ್ತಾನೆ. ತೆರೆಯ ಮೇಲೆ ಅವನ ಹೆಸರು ಬರುವ ಹೊತ್ತಿಗೆ ನಾವೆಲ್ಲ ಎದ್ದು ಪಾರ್ಕಿಂಗ್ ಕಡೆ ಹೊರಟಿರುತ್ತೇವೆ. ಎಂಥ ವೃತ್ತಿ ನೋಡಿ, ಹೊಗಳಿಸಿಕೊಂಡರೆ ಸೋತಂತೆ.

ಶೂಟಿಂಗ್ ಇಲ್ಲದಾಗ ಅವನು ಊರಿಗೆ ಬರುತ್ತಾನೆ. ಸಿದ್ದಣ್ಣನನ್ನು ಕರೆದುಕೊಂಡು ಹೋದೆ. ಅವನ ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂಗುಗಳು, ಕಿವಿಗಳು ಸಾಲಾಗಿ ಕೂತಿದ್ದವು. ಸಿದ್ದಣ್ಣ ಹೊಸಿಲಲ್ಲೇ ನಿಂತ.

ಸಾಮಾನ್ಯವಾಗಿ ಇನ್ನೊಂದು ಕೈಯನ್ನು ನೋಡಿಕೊಂಡು ಇಲ್ಲದ ಬೆರಳು ಮಾಡುತ್ತಾರಂತೆ. ಆದರೆ ಸಿದ್ದಣ್ಣನ ಎಡಗೈಯ ಆ ಬೆರಳುಗಳು ಹಾರೆ ಕೆಲಸಕ್ಕೆ ಸೊಟ್ಟಗಾಗಿದ್ದವು. ನಯಾಜ್ ನನ್ನ ಬಲಗೈ ಹಿಡಿದು ಅಳೆದ. "ಇದೇ ಸೈಜು. ಕೊಡಿ ಸರ್." ಹಲ್ಲಿನ ಡಾಕ್ಟರು ಅಚ್ಚು ತೆಗೆಯಲು ಬಳಸುವ ಪುಡಿಯನ್ನು ಕಲಸಿ ಅದರೊಳಗೆ ನನ್ನ ಕೈ ಇಳಿಸಿದ. ಅಲುಗಾಡದೆ ಕೂತಿರುವುದಷ್ಟೇ ನನ್ನ ಕೆಲಸ. ಮೇಷ್ಟ್ರಿಗೆ ಇಂಥದ್ದು ಚೆನ್ನಾಗಿ ಬರುತ್ತದೆ.

ಹತ್ತು ದಿನದ ಮೇಲೆ ನಯಾಜ್ ಬೆರಳು ತಂದು ಸಿದ್ದಣ್ಣನ ಮನೆಯಲ್ಲೇ ತೊಡಿಸಿದ. ಸಣ್ಣ ಗೆರೆ, ಗಂಟು, ನಸುಗುಲಾಬಿ ಉಗುರು. ನಿಜವಾದ ಬೆರಳೇ. ಸಿದ್ದಣ್ಣ ಕೋಳಿಮರಿ ಹಿಡಿದವನ ಹಾಗೆ ತನ್ನ ಕೈಯನ್ನೇ ಹಿಡಿದುಕೊಂಡು ಕೂತ. ಟೀ ತಂದ ಅವನ ಹೆಂಡತಿ ರತ್ನಮ್ಮ ಒಂದೇ ಸಲ ನೋಡಿ ಹೇಳಿದಳು:

"ಇವು ಇವರ್ದಲ್ಲ ಬುಡಿ. ಒಂದಿನಾನಾದ್ರೂ ಕಾಯಿ ಮುಟ್ಟಿದ ಬೆರಳಾ ಇವು? ಯಾವನೋ ಸೋಮಾರೀದು."

ನಾನು ಟೀ ಕುಡಿಯುವುದರಲ್ಲಿ ಮಗ್ನನಾದೆ.

ನಯಾಜ್ ನಗಲಿಲ್ಲ. "ಹೀರೋಗಳಿಗೇ ಮಾಡಿ ಮಾಡಿ ಅಭ್ಯಾಸ ಆಗೋಗಿದೆ ಸರ್" ಎಂದ. "ತಿಪಟೂರಲ್ಲಿ ಹುಟ್ಟಿ ಕಾಯಿ ಸುಲಿಯೋರ ಕೈ ಮರೆತೆ ನೋಡಿ." ಸಿದ್ದಣ್ಣನ ಎಡಗೈಯನ್ನು ಬಾಗಿಲ ಬೆಳಕಿಗೆ ಹಿಡಿದು ಅರ್ಧ ಗಂಟೆ ತಿರುಗಿಸಿ ತಿರುಗಿಸಿ ನೋಡಿದ. ಹಸಿ ಕಾಯಿಯ ಸಿಪ್ಪೆ ತರಿಸಿ ಅದರ ಕಲೆಯ ಬಣ್ಣವನ್ನು ತನ್ನ ಬಣ್ಣದಲ್ಲಿ ಹುಡುಕಿದ. ಉಗುರಿನ ಸಂದಿಗೆ ಕಪ್ಪು ಬಂತು. ಒಂದು ಉಗುರು ಸೀಳಿತು. ಗಂಟಿನ ಮೇಲೆ ಹಳೆಯ ಗಾಯದ ಗೆರೆ ಮೂಡಿತು. ನನ್ನ ಬೆರಳು ನನ್ನ ಕಣ್ಣೆದುರಿಗೇ ದುಡಿಮೆಗಾರನಾಯಿತು.

ರತ್ನಮ್ಮ ಮತ್ತೆ ಬಂದಳು. ಆ ಬೆರಳನ್ನು ತನ್ನ ಸೆರಗಿನಿಂದ ಒರೆಸಿದಳು, ಕೊಳೆಯಾಗಿದೆ ಎಂಬಂತೆ.

ಮಹಾಲಿಂಗಪ್ಪನೂ ಬಂದು ಪರೀಕ್ಷೆ ಮಾಡಿದ. ಹಿಂದೆ ಮುಂದೆ ತಿರುಗಿಸಿದ. ತಪ್ಪು ಹುಡುಕಲು ಏನೂ ಸಿಗಲಿಲ್ಲ. "ಆಯ್ತು ಕಣ್ಲಾ, ಈಗ ಪೂರ್ತಿ ಕೈ ಆಯ್ತು. ನೀನೇ ಎರಿ" ಎಂದ.

ಮದುವೆಯ ದಿನ ಗೌರಿಯ ಕೈ, ಗಂಡಿನ ಕೈ, ನಡುವೆ ತೆಂಗಿನಕಾಯಿ. ಸಿದ್ದಣ್ಣ ಗಿಂಡಿ ಎತ್ತಿದ, ರತ್ನಮ್ಮ ಅದಕ್ಕೆ ಕೈ ಜೋಡಿಸಿದಳು. ಭಾರ ಹೊತ್ತದ್ದು ಅವನ ಮೂರು ಬೆರಳು, ನನ್ನವೆರಡು ಸುಮ್ಮನೆ ಜೊತೆಗಿದ್ದವು. ಹಾಲು ಒಂದೇ ಎಳೆಯಾಗಿ ಇಳಿಯಿತು. ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ಕಂಬದ ಪಕ್ಕ ನಿಂತಿದ್ದ ನಯಾಜ್ ಎರಡು ಬೆರಳನ್ನೇ ನೋಡುತ್ತಿದ್ದ. ಬೇರೆ ಯಾರೂ ಅವನ್ನು ನೋಡಲಿಲ್ಲ. ಅವನಿಗೆ ಬೇಕಾದದ್ದೂ ಅದೇ.

ಊಟದ ಪಂಕ್ತಿ. ಎಲೆಗೆ ಪಾಯಸ ಬಿತ್ತು. ಸಿದ್ದಣ್ಣ ನಿಧಾನವಾಗಿ ಎರಡೂ ಬೆರಳು ಕಳಚಿ, ಕರ್ಚೀಫಿನಲ್ಲಿ ಸುತ್ತಿ, ಜೇಬಿಗಿಟ್ಟು ಊಟಕ್ಕೆ ಕೈಹಾಕಿದ.

ಪಕ್ಕದಲ್ಲಿದ್ದ ಮಹಾಲಿಂಗಪ್ಪನ ತುತ್ತು ಅಲ್ಲೇ ನಿಂತಿತು. "ಲೇ, ಹಾಕ್ಕಳ್ಳಾ. ಐನೋರು ಎದುರ್ಗೇ ಕೂತವ್ರೆ."

ಎದುರಿಗೆ ಕೂತಿದ್ದವರು ಮದುವೆ ಮಾಡಿಸಿದ, ಸಿದ್ದಣ್ಣನ ಊರಿನವರೇ ಆದ ಐನೋರು. ಹಪ್ಪಳ ಮುರಿಯುತ್ತ ಕೇಳಿದರು, "ನನ್ನ ನೋಡಿ ಯಾಕಪ್ಪಾ ಹಾಕ್ಕಬೇಕು?"

"ಅಲ್ಲ ಐನೋರೆ, ಊನದ ಕೈಲಿ ಧಾರೆ ಎರೆಯಂಗಿಲ್ಲ, ಶಾಸ್ತ್ರ..."

"ಯಾವ ಶಾಸ್ತ್ರ? ಹೆತ್ತೋರು ಎರೆದ್ರು, ಆಯ್ತು. ಬೆರಳು ಎಣಿಸ್ಕಂಡು ಎರೆಸು ಅಂತ ನಂಗ್ಯಾರೂ ಕಲಿಸಿಲ್ಲ. ನೀವ್ಯಾರೂ ಬಂದು ಕೇಳಲೂ ಇಲ್ಲ."

ಅದೇ ಪಂಕ್ತಿಯಲ್ಲಿದ್ದ ನಯಾಜ್ ತಲೆ ತಗ್ಗಿಸಿದ್ದ. ಅವನ ಹತ್ತು ದಿನದ ಕೆಲಸ ಯಾತಕ್ಕೂ ಬೇಕಿರಲಿಲ್ಲವೇ?

ಸಿದ್ದಣ್ಣನೇ ಹೇಳಿದ: "ಹಂಗನ್ಬ್ಯಾಡಿ ಐನೋರೆ. ಇವು ಇಲ್ದಿದ್ರೆ ನಮ್ಮಣ್ಣ ಗಿಂಡಿ ಬುಡ್ತಿರ್ಲಿಲ್ಲ." ಹೇಳಿ, ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಪಾಯಸಕ್ಕೆ ಬಾಗಿದ.

ಅಂದಹಾಗೆ, ಐನೋರ ಮನೆ ಸಿದ್ದಣ್ಣನ ಮನೆಯಿಂದ ನಾಲ್ಕೇ ಮನೆ ಆಚೆಗಿದೆ.